ಹಣೆಯ ಹಿಂದಿನ ಲೆಕ್ಕ

ಇಟಲಿಯ ಟ್ಯೂರಿನ್ ನಗರದಲ್ಲಿ, 19ನೇ ಶತಮಾನದ ಕೊನೆಯ ಭಾಗದಲ್ಲಿ, ಬರ್ಟಿನೊ ಎಂಬ ರೈತನೊಬ್ಬ ವೈದ್ಯರ ಕಣ್ಣಿಗೆ ಬಿದ್ದ. ಮೇಲಿನಿಂದ ಇಟ್ಟಿಗೆ ಬಿದ್ದು ಅವನ ತಲೆಬುರುಡೆ ಒಡೆದಿತ್ತು. ಗಾಯ ಮಾಯಿತು, ಆದರೆ ಮೂಳೆ ಇದ್ದ ಕಡೆ ಬರೀ ಚರ್ಮ ಉಳಿಯಿತು. ಅದರ ಕೆಳಗೆ ಮೆದುಳು ಮಿಡಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು. ಶರೀರಕ್ರಿಯಾ ವಿಜ್ಞಾನಿ ಆಂಜೆಲೊ ಮೊಸ್ಸೊ ಆ ಜಾಗಕ್ಕೊಂದು ಸಾಧನ ಕಟ್ಟಿ, ಮಿಡಿತದ ಏರಿಳಿತ ಗೆರೆಯಾಗಿ ಮೂಡುವಂತೆ ಮಾಡಿದ. ಮಧ್ಯಾಹ್ನ ಚರ್ಚಿನ ಗಂಟೆ ಹೊಡೆದಾಗ ಗೆರೆ ಎದ್ದಿತು. ಗಂಟೆ ಕೇಳಿ ಪ್ರಾರ್ಥನೆ ನೆನಪಾಯಿತೇ ಎಂದು ವಿಚಾರಿಸಿದಾಗ ಮತ್ತೆ ಎದ್ದಿತು. ಇನ್ನೊಮ್ಮೆ ಮೊಸ್ಸೊ ಅವನಿಗೆ 8ನ್ನು 12ರಿಂದ ಗುಣಿಸಲು ಹೇಳಿದ. ಬರ್ಟಿನೊ ಕೂತಲ್ಲೇ ಕೂತಿದ್ದ, ಗೆರೆ ಮೇಲೇರಿತು.

ಮೊಸ್ಸೊ ಜೊತೆಯಲ್ಲೇ ಇನ್ನೊಂದು ಕೆಲಸ ಮಾಡುತ್ತಿದ್ದ. ಬರ್ಟಿನೊನ ಮುಂಗೈಯಲ್ಲಿ ರಕ್ತದ ಏರಿಳಿತ ಹೇಗಿದೆ ಎಂಬುದನ್ನೂ ಪಕ್ಕದಲ್ಲಿ ದಾಖಲಿಸುತ್ತಿದ್ದ. ಲೆಕ್ಕದ ಹೊತ್ತಿಗೆ ಮೆದುಳಿನ ಗೆರೆ ಏರಿತು, ಕೈಯ ಗೆರೆ ಏರಲಿಲ್ಲ. ಅಂದಮೇಲೆ ಆ ಏರಿಕೆ ಹೃದಯದ ಬಡಿತ ಹೆಚ್ಚಿದ್ದರಿಂದ ಬಂದದ್ದಲ್ಲ, ಮೆದುಳಿನದೇ ಸ್ವಂತದ್ದು. ಇಷ್ಟು ವರ್ಷಗಳ ನಂತರವೂ ಈ ವಿಜ್ಞಾನದ ಎಲ್ಲ ಜಗಳಗಳೂ ಸುತ್ತಿ ಬಳಸಿ ಆ ಕೈಯ ಗೆರೆಯ ಹತ್ತಿರವೇ ಬಂದು ನಿಲ್ಲುತ್ತವೆ ಎಂಬುದು ನನ್ನ ಅಭಿಪ್ರಾಯ. ತಲೆಯ ಮೇಲೆ ಒಂದು ಯಂತ್ರವಿಟ್ಟು ಗೆರೆ ಏರುವುದನ್ನು ತೋರಿಸುವುದು ಕಷ್ಟವಲ್ಲ. ಆ ಗೆರೆ ಯಾರದು ಎಂದು ಹೇಳುವುದು ಕಷ್ಟ.

ಮಗ್ಗಿ ಬಾಯಿಪಾಠ ಮಾಡಿದ ನಮ್ಮವರಿಗೆ 8×12 ಲೆಕ್ಕವೇ ಅಲ್ಲ, ಕೇಳಿದ ಕ್ಷಣ ತೊಂಬತ್ತಾರು ಎಂದು ನಾಲಿಗೆಯೇ ಹೇಳಿಬಿಡುತ್ತದೆ. 37ನ್ನು 6ರಿಂದ ಗುಣಿಸಿ ನೋಡಿ, ಕಾಗದ ಮುಟ್ಟದೆ. ಮೂವತ್ತಾರಲಿ ನೂರ ಎಂಬತ್ತು. ಈ ನೂರ ಎಂಬತ್ತನ್ನು ಎಲ್ಲೋ ಇಟ್ಟುಕೊಂಡು ಏಳಾರಲಿ ನಲವತ್ತೆರಡು ಮಾಡಬೇಕು. ನಲವತ್ತೆರಡು ಸಿಕ್ಕಾಗ ನೂರ ಎಂಬತ್ತು ಇನ್ನೂ ಅಲ್ಲೇ ಇರಬೇಕು. ಎರಡನ್ನೂ ಕೂಡಿ ಇನ್ನೂರ ಇಪ್ಪತ್ತೆರಡು ಎಂದ ಮೇಲೆ ಆ ನೂರ ಎಂಬತ್ತು ಯಾರಿಗೂ ಬೇಡ, ಹತ್ತು ನಿಮಿಷ ಬಿಟ್ಟು ಕೇಳಿದರೆ ಅದು ನೆನಪೂ ಇರುವುದಿಲ್ಲ. ಕೆಲಸ ಮುಗಿಯುವ ತನಕ ಮಾತ್ರ ಹಿಡಿದಿಟ್ಟುಕೊಂಡು, ಹಿಡಿದಿರುವಾಗಲೇ ತಿರುವಿ ಜೋಡಿಸುವ ಈ ಶಕ್ತಿಯನ್ನು ಮನೋವಿಜ್ಞಾನಿಗಳು ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಕೆಲಸದ ನೆನಪು ಎನ್ನೋಣ. ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಇದರ ಒಳರಚನೆಯ ಮೊದಲ ಪೂರ್ಣ ಚಿತ್ರ ಕೊಟ್ಟರು. ಉದ್ದದ ವಾಕ್ಯವೊಂದರ ಕರ್ತೃವನ್ನು ಕ್ರಿಯಾಪದ ಬರುವವರೆಗೂ ಹಿಡಿದಿಡುವುದು, ಅಂಗಡಿಯವನು ಹೇಳಿದ ಮೂರು ಬೆಲೆಗಳನ್ನು ಮನಸ್ಸಿನಲ್ಲೇ ಕೂಡುವುದು, ಹೊಸ ಊರಿನಲ್ಲಿ ಯಾರೋ ಹೇಳಿದ ದಾರಿಯ ತಿರುವುಗಳನ್ನು ದಾಟುವ ತನಕ ಮರೆಯದಿರುವುದು, ಎಲ್ಲವೂ ಇದರದೇ ದುಡಿಮೆ. ಇದರ ಜಾಗ ತೀರಾ ಕಿರಿದು. ಜಾರ್ಜ್ ಮಿಲ್ಲರ್ 1956ರಲ್ಲಿ ಏಳರ ಆಸುಪಾಸು ಎಂದಿದ್ದರು, ನೆಲ್ಸನ್ ಕೋವನ್ 2001ರಲ್ಲಿ ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು.

ಇದನ್ನು ಪ್ರಯೋಗಶಾಲೆಯಲ್ಲಿ ಅಳೆಯಲು ಹೆಚ್ಚಾಗಿ ಬಳಸುವ ಪರೀಕ್ಷೆಗೆ ಎನ್-ಬ್ಯಾಕ್ ಎಂದು ಹೆಸರು, 1958ರಲ್ಲಿ ವೇಯ್ನ್ ಕಿರ್ಚ್ನರ್ ರೂಪಿಸಿದ್ದು. ಪರದೆಯ ಮೇಲೆ ಒಂದಾದ ಮೇಲೊಂದು ಅಕ್ಷರಗಳು ಬಂದು ಹೋಗುತ್ತವೆ. ಈಗ ಕಾಣುತ್ತಿರುವ ಅಕ್ಷರ ಎರಡು ಹೆಜ್ಜೆ ಹಿಂದೆ ಬಂದಿದ್ದರೆ ಗುಂಡಿ ಒತ್ತಬೇಕು. ಕ, ಮ, ರ, ಮ. ಇಲ್ಲಿ ಒತ್ತಬೇಕು, ಎರಡು ಹೆಜ್ಜೆ ಹಿಂದೆ ಮ ಇತ್ತು. ಮುಂದೆ ತ. ಒತ್ತುವ ಹಾಗಿಲ್ಲ. ಮತ್ತೆ ಮ. ಒತ್ತಬೇಕು. ಮತ್ತೊಮ್ಮೆ ಮ ಬಂತು. ಕೈ ತಾನಾಗಿ ಗುಂಡಿಯ ಕಡೆ ಹೋಗುತ್ತದೆ, ಒತ್ತಿದರೆ ತಪ್ಪು, ಏಕೆಂದರೆ ಎರಡು ಹೆಜ್ಜೆ ಹಿಂದೆ ಇದ್ದದ್ದು ತ. ಪ್ರತಿ ಹೊಸ ಅಕ್ಷರ ಬಂದಾಗಲೂ ಹಳೆಯದೊಂದನ್ನು ಹೊರಹಾಕಿ, ಉಳಿದವನ್ನು ಒಂದೊಂದು ಹೆಜ್ಜೆ ಹಿಂದೆ ಸರಿಸಿ, ಆಮೇಲೆ ಹೋಲಿಸಬೇಕು. ಮೂರು ಹೆಜ್ಜೆ ಹಿಂದಿನದನ್ನು ಕೇಳಿದರೆ ಬಹುತೇಕ ಎಲ್ಲರೂ ಎಡವುತ್ತಾರೆ. ಸಂಶೋಧಕರಿಗೆ ಇದು ಪ್ರಿಯವಾಗಿರುವುದಕ್ಕೆ ಕಾರಣವಿದೆ. ಪರದೆ ಅದೇ, ಅಕ್ಷರಗಳು ಅವೇ, ಬೆರಳು ಒತ್ತುವ ಗುಂಡಿಯೂ ಅದೇ. ಹೆಚ್ಚು ಕಡಿಮೆಯಾಗುವುದು ನೆನಪಿನ ಹೊರೆ ಮಾತ್ರ.

ಆ ಹೊರೆ ಮೆದುಳಿನಲ್ಲಿ ಬೀಳುವ ಒಂದು ಮುಖ್ಯ ಜಾಗ ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್ ಎಂಬುದನ್ನು ನಮಗೆ ತೋರಿಸಿಕೊಟ್ಟದ್ದು ಕೋತಿಗಳು. 1930ರ ದಶಕದಲ್ಲಿ ಅಮೆರಿಕದ ಕಾರ್ಲೈಲ್ ಜೇಕಬ್ಸನ್, ಕೋತಿಯ ಕಣ್ಣೆದುರೇ ಎರಡು ಬಟ್ಟಲುಗಳಲ್ಲಿ ಒಂದರ ಕೆಳಗೆ ತಿಂಡಿ ಇಟ್ಟು, ತೆರೆ ಎಳೆದು, ಸ್ವಲ್ಪ ಹೊತ್ತು ಬಿಟ್ಟು ತೆರೆ ಸರಿಸುತ್ತಿದ್ದರು. ಮೆದುಳಿನ ಮುಂಭಾಗ ಕಳೆದುಕೊಂಡ ಕೋತಿಗಳಿಗೆ ತಿಂಡಿ ಎಲ್ಲಿದೆ ಎಂಬುದು ಅಷ್ಟರಲ್ಲಿ ಹೋಗಿಬಿಡುತ್ತಿತ್ತು. 1971ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಾಕಿನ್ ಫುಸ್ಟರ್, ಜಪಾನಿನಲ್ಲಿ ಕುಬೋಟಾ ಮತ್ತು ನಿಕಿ, ಬೇರೆಬೇರೆಯಾಗಿ, ಕೋತಿಯ ಮೆದುಳಿಗೆ ತಂತಿ ಇಳಿಸಿ ಇನ್ನೂ ಒಳಕ್ಕೆ ಹೋದರು. ತೆರೆ ಮುಚ್ಚಿದ್ದ ಆ ಖಾಲಿ ಹೊತ್ತಿನಲ್ಲಿ, ನೋಡಲು ಏನೂ ಇಲ್ಲದಾಗ, ಮಾಡಲು ಏನೂ ಇಲ್ಲದಾಗ, ಪ್ರಿಫ್ರಂಟಲ್ ಭಾಗದ ಕೆಲವು ನರಕೋಶಗಳು ಎಡೆಬಿಡದೆ ಮಿಡಿಯುತ್ತಿದ್ದವು. ಹಿಡಿದಿಟ್ಟುಕೊಳ್ಳುವುದು ಎಂದರೆ ಏನು ಎಂಬುದನ್ನು ಮೊದಲ ಬಾರಿಗೆ ಕೋಶದ ಮಟ್ಟದಲ್ಲಿ ಕಂಡದ್ದು ಆಗ.

ಆರೋಗ್ಯವಂತ ಮನುಷ್ಯನ ಮೆದುಳಿಗೆ ಹಾಗೆ ತಂತಿ ಇಳಿಸಲಾಗದು. ಮೊಸ್ಸೊ ಹಿಡಿದ ದಾರಿಯೇ ಗತಿ: ನರಕೋಶಗಳನ್ನು ಬಿಟ್ಟು ಅವುಗಳಿಗೆ ಹೋಗುವ ರಕ್ತವನ್ನು ಗಮನಿಸುವುದು. ದೇಹದ ತೂಕದಲ್ಲಿ ಮೆದುಳಿನದು ನೂರಕ್ಕೆ 2 ಪಾಲು, ವಿಶ್ರಾಂತಿಯಲ್ಲಿದ್ದಾಗಲೂ ಅದು ಬಳಸುವ ಶಕ್ತಿ ನೂರಕ್ಕೆ 20ರಷ್ಟು. ಒಂದು ಭಾಗ ದುಡಿಯತೊಡಗಿದರೆ ಒಂದೆರಡು ಸೆಕೆಂಡಿನಲ್ಲಿ ಅಲ್ಲಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಐದಾರು ಸೆಕೆಂಡಿಗೆ ರಕ್ತದ ಹರಿವು ತುದಿ ಮುಟ್ಟುತ್ತದೆ. ಇದರಲ್ಲೊಂದು ಸೋಜಿಗವಿದೆ. ಬರುವ ಆಮ್ಲಜನಕ ಖರ್ಚಿಗಿಂತ ಎಷ್ಟೋ ಹೆಚ್ಚು. ಹೀಗಾಗಿ ದುಡಿಯುತ್ತಿರುವ ಜಾಗದಲ್ಲಿ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಹೆಚ್ಚುತ್ತದೆ, ಆಮ್ಲಜನಕ ಇಳಿಸಿಬಿಟ್ಟ ಹಿಮೋಗ್ಲೋಬಿನ್ ಕೊಚ್ಚಿಹೋಗಿ ಕಡಿಮೆಯಾಗುತ್ತದೆ. ಒಂದು ಏರಿ ಇನ್ನೊಂದು ಇಳಿಯುವ ಈ ಜೋಡಿ ಚಲನೆಯನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಎರಡು ಬಗೆಯ ಹಿಮೋಗ್ಲೋಬಿನ್‌ಗೂ ಬಣ್ಣ ಬೇರೆ. ಹಾಗಾಗಿ ಬೆಳಕು ಅವನ್ನು ಬೇರ್ಪಡಿಸಬಲ್ಲದು. ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಆಕ್ಸಿಮೀಟರ್ ಬೆರಳ ತುದಿಯಲ್ಲಿ ಮಾಡುವುದು ಇದನ್ನೇ. ಅದರ ಮೂಲ ತತ್ವವನ್ನು 1970ರ ದಶಕದ ಆರಂಭದಲ್ಲಿ ರೂಪಿಸಿದ ಜಪಾನಿನ ಎಂಜಿನಿಯರ್ ಟಕುವೊ ಅವೊಯಾಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಇಡೀ ಜಗತ್ತು ಅವರ ಸಾಧನವನ್ನು ಹುಡುಕುತ್ತಿದ್ದ ತಿಂಗಳಲ್ಲಿ. ಆದರೆ ಬೆರಳು ತೆಳ್ಳಗಿದೆ. ತಲೆಯೊಳಗೆ ಬೆಳಕು ಹೋಗುವುದು ಹೇಗೆ?

ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್ ಮನೆಯಲ್ಲಿ ಊಟವಾದ ಮೇಲೆ ಉಳಿದಿದ್ದ ದನದ ಭುಜದ ಚಪ್ಪಟೆ ಮೂಳೆಯನ್ನು ದೀಪಕ್ಕೆ ಹಿಡಿದು ನೋಡಿದಾಗ ಕೆಂಪು ಬೆಳಕು ಅದನ್ನು ದಾಟಿ ಬರುವುದು ಕಂಡಿತು ಎಂದು ಮುಂದೆ ಅವರೇ ಬರೆದುಕೊಂಡಿದ್ದಾರೆ. ಕೆಂಪೇ ಇಷ್ಟು ದಾಟುವುದಾದರೆ ಕೆಂಪಿನಾಚೆಯ, ಕಣ್ಣಿಗೆ ಕಾಣದ ಅವಕೆಂಪು ಇನ್ನೂ ಚೆನ್ನಾಗಿ ದಾಟಬೇಕಲ್ಲ? 1977ರಲ್ಲಿ ಅವರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ವಿಜ್ಞಾನದ ಹುಟ್ಟು. ಸುಮಾರು 650ರಿಂದ 950 ನ್ಯಾನೊಮೀಟರ್ ತರಂಗಾಂತರದ ನಡುವೆ ನಮ್ಮ ಮಾಂಸ, ಮೂಳೆಗಳು ಬೆಳಕಿಗೆ ದಾರಿ ಬಿಡುತ್ತವೆ. ಅದಕ್ಕಿಂತ ಕೆಳಗೆ ರಕ್ತವೇ ಬೆಳಕನ್ನು ಹೀರುತ್ತದೆ, ಮೇಲಕ್ಕೆ ಹೋದರೆ ನೀರು ಹೀರುತ್ತದೆ. ಈ ಕಿಂಡಿಯ ನಡುವೆ, 800ರ ಆಸುಪಾಸಿನಲ್ಲಿ, ಎರಡು ಬಗೆಯ ಹಿಮೋಗ್ಲೋಬಿನ್‌ಗಳೂ ಸಮಸಮ ಹೀರುತ್ತವೆ. ಅದರ ಈಚೆ 760ರಲ್ಲಿ ಆಮ್ಲಜನಕವಿಲ್ಲದ್ದರ ಕೈ ಮೇಲು, ಆಚೆ 850ರಲ್ಲಿ ಆಮ್ಲಜನಕ ಹೊತ್ತದ್ದರ ಕೈ ಮೇಲು. ಎರಡೂ ಬೆಳಕು ಕಳಿಸಿ, ಯಾವುದು ಎಷ್ಟು ಕುಗ್ಗಿ ಬಂತು ನೋಡಿದರೆ ಎರಡು ಸಮೀಕರಣ, ಎರಡು ಅಜ್ಞಾತ. ಹೈಸ್ಕೂಲಿನ ಬೀಜಗಣಿತ ಸಾಕು.

ಬೆಳಕು ನೇರ ಹೋಗುವುದಿಲ್ಲ ಎಂಬುದೇ ತೊಡಕು. ಮಡಿಕೇರಿಯ ಮಂಜಿನಲ್ಲಿ ಬಸ್ಸಿನ ಹೆಡ್‌ಲೈಟ್ ಹೇಗೆ ಎಲ್ಲ ದಿಕ್ಕಿಗೂ ಚೆದುರಿ ಬಿಳಿಯ ಮುದ್ದೆಯಾಗುತ್ತದೋ ಹಾಗೆ ತಲೆಯೊಳಗೂ ಬೆಳಕು ಹೆಜ್ಜೆಹೆಜ್ಜೆಗೂ ಚೆದುರುತ್ತದೆ. ಹಣೆಯ ಮೇಲೆ ಒಂದು ಕಡೆ ಬೆಳಕು ಬಿಟ್ಟು, 3 ಸೆಂಟಿಮೀಟರ್ ಆಚೆ ಸೂಕ್ಷ್ಮ ಗ್ರಾಹಕ ಇಟ್ಟರೆ, ಹೀಗೆ ಅಲೆದಾಡಿ ಅಲ್ಲಿ ಹೊರಬಿದ್ದ ಅತ್ಯಲ್ಪ ಬೆಳಕು ಸಿಗುತ್ತದೆ. ಅದು ನಡೆದ ದಾರಿ 3 ಸೆಂಟಿಮೀಟರಿನದಲ್ಲ. ವಯಸ್ಕರ ತಲೆಯಲ್ಲಿ ಸುಮಾರು ಅದರ ಆರು ಪಟ್ಟು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೇವಿಡ್ ಡೆಲ್ಪಿ ಮತ್ತು ಸಂಗಡಿಗರು 1988ರಲ್ಲಿ ಈ ದಾರಿಯ ಉದ್ದಕ್ಕೆ ಲೆಕ್ಕ ಕೊಟ್ಟ ಮೇಲೆಯೇ ಈ ವಿಧಾನಕ್ಕೆ ಅಳತೆಯ ಗೌರವ ಬಂದದ್ದು. ಬೆಳಕು ಸಾಗುವ ಜಾಡಿಗೆ ಈ ಕ್ಷೇತ್ರದವರೆಲ್ಲ ಬಾಳೆಹಣ್ಣು ಎಂದೇ ಹೇಳುತ್ತಾರೆ. ಎರಡು ತುದಿ ಚರ್ಮದಲ್ಲಿ, ನಡು ಬಾಗು ಒಳಗೆ. ಬಾಗಿನ ಆಳ ತುದಿಗಳ ನಡುವಿನ ದೂರದ ಅರ್ಧದಷ್ಟು, ಅಂದರೆ ಒಂದೂವರೆ ಸೆಂಟಿಮೀಟರ್. ಮೆದುಳಿನ ಹೊರಪದರವನ್ನು ಸವರಿಕೊಂಡು ಬರಲು ಅಷ್ಟು ಸಾಕು. ಇದಕ್ಕಿಂತ ಆಳದ ಸುದ್ದಿ ಇದಕ್ಕೆ ಎಟುಕದು.

1993ರಲ್ಲಿ ನಾಲ್ಕು ತಂಡಗಳು, ಒಬ್ಬರಿಗೊಬ್ಬರು ಕಾಯದೆ, ದುಡಿಯುತ್ತಿರುವ ಮನುಷ್ಯ ಮೆದುಳನ್ನು ಹೀಗೆ ಬೆಳಕಿನಲ್ಲಿ ಕಂಡದ್ದಾಗಿ ಪ್ರಕಟಿಸಿದವು. ಜಪಾನಿನ ಹೋಶಿ ಮತ್ತು ತಮುರಾ ಮನಸ್ಸಿನಲ್ಲೇ ಮಾಡುವ ಕೆಲಸದ ಹೊತ್ತಿಗೆ ಅಳೆದರು. ಅಮೆರಿಕದ ತಂಡದ ನಾಯಕ ಬ್ರಿಟನ್ ಚಾನ್ಸ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಯಲ್ಲಿ ಚಿನ್ನ ಗೆದ್ದಿದ್ದವರು. ಈ ತಂತ್ರಕ್ಕೆ ಫಂಕ್ಷನಲ್ ನಿಯರ್ ಇನ್‌ಫ್ರಾರೆಡ್ ಸ್ಪೆಕ್ಟ್ರೋಸ್ಕೊಪಿ ಎಂದು ಹೆಸರು. ಬಳಸುವವರ ಬಾಯಲ್ಲಿ ಎಫ್‌ನಿರ್ಸ್.

ಎಫ್‌ನಿರ್ಸ್ ಪ್ರಯೋಗದಲ್ಲಿ ಹೆಚ್ಚು ಸಮಯ ತಿನ್ನುವುದು ಟೊಪ್ಪಿ ತೊಡಿಸುವ ಕೆಲಸ. ಮೂಗಿನ ಬುಡದಿಂದ ಹಿಂದಲೆಯ ಗುಬುಟಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಟೇಪು ಹಿಡಿದು ಅಳೆದು ನಡುನೆತ್ತಿ ಗುರುತಿಸುತ್ತಾರೆ. ಟೊಪ್ಪಿಯ ನಡುಬಿಂದು ಅಲ್ಲಿಗೇ ಕೂರಬೇಕು. ಇಲ್ಲದಿದ್ದರೆ ಇಬ್ಬರ ಅಳತೆಯನ್ನು ಹೋಲಿಸುವಂತಿಲ್ಲ. ಆಮೇಲೆ ಒಂದೊಂದೇ ತೂತಿನಲ್ಲಿ ಕಡ್ಡಿಯಿಂದ ಕೂದಲು ಸರಿಸಿ, ಬುರುಡೆಯ ಚರ್ಮ ಕಾಣುವಂತೆ ಬೈತಲೆ ತೆಗೆದು, ಬೆಳಕಿನ ಗುಬ್ಬಿಯನ್ನು ಕೂರಿಸಬೇಕು. ಸರಿಯಾಗಿ ಕೂತಿದೆಯೇ ಎಂದು ತಿಳಿಯುವ ಉಪಾಯ ನನಗೆ ಬಹಳ ಹಿಡಿಸಿದ್ದು: ಕಚ್ಚಾ ಗೆರೆಯಲ್ಲಿ ಹೃದಯದ ಬಡಿತ ಕಾಣಬೇಕು. ಸೆಕೆಂಡಿಗೊಂದರಂತೆ ಆ ಸಣ್ಣ ಅಲೆ ಕಾಣದಿದ್ದರೆ ಗುಬ್ಬಿ ಕೂದಲಿನ ಮೇಲೆ ಕೂತಿದೆ ಎಂದರ್ಥ, ಮತ್ತೆ ತೆಗೆದು ಸರಿಮಾಡಬೇಕು. ಆಮೇಲೆ ಅರ್ಧ ನಿಮಿಷ ಸುಮ್ಮನೆ ನೋಡುವುದು, ಅರ್ಧ ನಿಮಿಷ ಎನ್-ಬ್ಯಾಕ್, ಮತ್ತೆ ಸುಮ್ಮನೆ, ಹೀಗೆ ಹಲವು ಸುತ್ತು. ಸುಲಭದ ಸುತ್ತಿನಲ್ಲಿ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ತೋರಿಸುವ ಕೆಂಪು ಗೆರೆ ಸ್ವಲ್ಪ ಏರುತ್ತದೆ, ಎರಡು ಹೆಜ್ಜೆಯದರಲ್ಲಿ ಇನ್ನಷ್ಟು ಏರುತ್ತದೆ, ಆಮ್ಲಜನಕ ಇಳಿಸಿಬಿಟ್ಟದ್ದನ್ನು ತೋರಿಸುವ ನೀಲಿ ಗೆರೆ ಕೆಳಗಿಳಿಯುತ್ತದೆ.

ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಹಸನ್ ಅಯಾಜ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಮಾನ ಸಂಚಾರ ನಿಯಂತ್ರಕರು ಟೊಪ್ಪಿಯ ಬದಲು ಹಣೆಗೆ ಎಫ್‌ನಿರ್ಸ್ ಪಟ್ಟಿ ಕಟ್ಟಿಕೊಂಡು ಎನ್-ಬ್ಯಾಕ್ ಮಾಡಿದರು, ಬಳಿಕ ಕೃತಕವಾಗಿ ಸೃಷ್ಟಿಸಿದ ಆಕಾಶದಲ್ಲಿ ತಮ್ಮ ನಿತ್ಯದ ಕೆಲಸವನ್ನೇ ಮಾಡಿದರು. ಹೊರೆ ಹೆಚ್ಚಿದಂತೆ ಹಣೆಯ ಹಿಂದೆ ಆಮ್ಲಜನಕ ಹೆಚ್ಚಿತು. ಪೈಲಟ್‌ಗಳ ಜೊತೆ ಬಾಯಿಮಾತಿನಲ್ಲಿ ವ್ಯವಹರಿಸುವಾಗ, ಬರಹದ ಸಂದೇಶದಲ್ಲಿ ವ್ಯವಹರಿಸುವುದಕ್ಕಿಂತ ಹೆಚ್ಚಿತು. ಕೇಳಿದ ಮಾತನ್ನು ತಲೆಯಲ್ಲೇ ಹಿಡಿದಿಡಬೇಕು, ಬರೆದದ್ದು ಪರದೆಯ ಮೇಲೆ ಉಳಿದಿರುತ್ತದೆ. ಹೊರೆ ಏರಿದಷ್ಟೂ ಗೆರೆ ಏರುತ್ತಲೇ ಹೋಗುತ್ತದೆ ಎಂದು ಮಾತ್ರ ತಿಳಿಯಬಾರದು. ಮಿತಿ ಮೀರಿದಾಗ ಮನಸ್ಸು ಕೈಚೆಲ್ಲುತ್ತದೆ, ಆಗ ಪ್ರಿಫ್ರಂಟಲ್ ಭಾಗದ ಚಟುವಟಿಕೆ ಇಳಿಯುವುದೂ ಉಂಟು. 1999ರಲ್ಲಿ ಎಂಆರ್‌ಐ ಬಳಸಿದ ಕ್ಯಾಲಿಕಾಟ್ ತಂಡ ಇದನ್ನು ಸ್ಪಷ್ಟವಾಗಿ ಕಂಡಿತ್ತು. ಹಾಗಾಗಿ ತಗ್ಗಿದ ಗೆರೆ ಆರಾಮದ ಗುರುತಾಗಿರಬಹುದು, ಸೋಲಿನದೂ ಆಗಿರಬಹುದು. ಗುಂಡಿ ಒತ್ತಿದ ಉತ್ತರ ಸರಿಯೇ ತಪ್ಪೇ ಎಂಬುದನ್ನು ಪಕ್ಕದಲ್ಲಿಟ್ಟು ನೋಡದೆ ಎರಡನ್ನೂ ಬೇರ್ಪಡಿಸಲಾಗದು.

ಇನ್ನು ಮೊಸ್ಸೊನ ಕೈಯ ಗೆರೆ. ಬೆಳಕು ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಹಣೆಯ ಚರ್ಮವನ್ನು ದಾಟುತ್ತದೆ, ಚರ್ಮದಲ್ಲೂ ರಕ್ತವಿದೆ. ಕಷ್ಟದ ಲೆಕ್ಕ ಎದುರಾದಾಗ ಎದೆಬಡಿತ ಏರುತ್ತದೆ, ರಕ್ತದೊತ್ತಡ ಬದಲಾಗುತ್ತದೆ, ಹಣೆಯ ಚರ್ಮಕ್ಕೂ ರಕ್ತ ನುಗ್ಗುತ್ತದೆ. ಆ ಕೆಂಪು ಗೆರೆ ಮೆದುಳಿನದೋ ಚರ್ಮದ್ದೋ? 2011ರಲ್ಲಿ ಜಪಾನಿನ ಟಕಾಹಾಶಿ ಮತ್ತು ಸಂಗಡಿಗರು, ಕೊಟ್ಟ ಅಕ್ಷರದಿಂದ ಶುರುವಾಗುವ ಪದ ಹೇಳಿಸುವ ಪರೀಕ್ಷೆಯಲ್ಲಿ ಹಣೆಯ ಮೇಲೆ ಸಿಗುವ ಏರಿಕೆಯ ಬಹುಪಾಲು ಚರ್ಮದ ರಕ್ತದ್ದೇ ಎಂದು ತೋರಿಸಿದರು. ಇದೇ ಪರೀಕ್ಷೆಯನ್ನು ಎಫ್‌ನಿರ್ಸ್ ಜೊತೆ ಬಳಸಿ ಖಿನ್ನತೆಯ ಬಗೆಗಳನ್ನು ಗುರುತಿಸಲು ನೆರವಾಗುವ ತಂತ್ರಕ್ಕೆ ಜಪಾನ್ 2009ರಲ್ಲಿ ಅನುಮತಿ ಕೊಟ್ಟಿತ್ತು, 2014ರಲ್ಲಿ ಆರೋಗ್ಯ ವಿಮೆಯ ವ್ಯಾಪ್ತಿಗೂ ತಂದಿತು. ಚಿಕಿತ್ಸೆಯ ನಿರ್ಧಾರಕ್ಕೆ ಒಂದು ಗೆರೆಯನ್ನು ಬಳಸುವ ಮೊದಲು ಆ ಗೆರೆ ಯಾವ ಅಂಗದ್ದು ಎಂಬ ಪ್ರಶ್ನೆ ತೀರ್ಮಾನವಾಗಿರಬೇಕಿತ್ತು ಎಂದೇ ನಾನು ಭಾವಿಸುತ್ತೇನೆ.

ಪರಿಹಾರ ಈಗ ಇದೆ. ಬೆಳಕಿನ ಮೂಲದಿಂದ 8 ಮಿಲಿಮೀಟರ್ ದೂರದಲ್ಲೇ ಇನ್ನೊಂದು ಗ್ರಾಹಕ ಇಡುತ್ತಾರೆ. ಅಷ್ಟು ಹತ್ತಿರದಲ್ಲಿ ಬಾಳೆಹಣ್ಣಿನ ಬಾಗು ಚರ್ಮ, ಮೂಳೆಗಳಲ್ಲೇ ಮುಗಿದುಹೋಗುತ್ತದೆ. ಅಲ್ಲಿ ಸಿಗುವುದು ಚರ್ಮದ ಕಥೆ ಮಾತ್ರ. ದೂರದ ಗ್ರಾಹಕದ ಗೆರೆಯಿಂದ ಇದನ್ನು ಕಳೆದರೆ ಉಳಿಯುವುದು ಮೆದುಳಿನದು. ಮೊಸ್ಸೊ ಮುಂಗೈಯಲ್ಲಿ ಕೇಳಿದ ಪ್ರಶ್ನೆಯನ್ನೇ ಇದು ಹಣೆಯ ಚರ್ಮದಲ್ಲಿ ಕೇಳುತ್ತದೆ. ನೀಲಿ ಗೆರೆಯನ್ನೂ ನೋಡಬೇಕು. ಚರ್ಮಕ್ಕೆ ರಕ್ತ ನುಗ್ಗಿದಾಗ ಕೆಂಪು ಏರುತ್ತದೆ, ನೀಲಿ ಅದಕ್ಕೆ ತಕ್ಕಂತೆ ಇಳಿಯಬೇಕೆಂದೇನೂ ಇಲ್ಲ. ಎರಡೂ ಜೋಡಿಯಾಗಿ ನಡೆದರೆ ನಂಬಿಕೆ ಹೆಚ್ಚು.

ಹಣೆಯ ಮೇಲಷ್ಟೇ ಪಟ್ಟಿ ಕಟ್ಟಿ ಅಳೆಯುವ ಅಧ್ಯಯನಗಳು ಬಹಳ. ಅಲ್ಲಿ ಕೂದಲಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಆದರೆ ಕೆಲಸದ ನೆನಪಿಗೆ ಹೆಚ್ಚು ದುಡಿಯುವ ಪ್ರಿಫ್ರಂಟಲ್ ಭಾಗ ಇರುವುದು ಬದಿಯಲ್ಲಿ, ಕೂದಲು ಶುರುವಾಗುವ ಗೆರೆಯ ಆಸುಪಾಸು ಮತ್ತು ಅದರ ಹಿಂದೆ. ಕಪ್ಪು ಕೂದಲು ಅವಕೆಂಪನ್ನು ಹೀರುತ್ತದೆ, ಕಪ್ಪು ಚರ್ಮದ ಮೆಲನಿನ್ ಸಹ. ಆಕ್ಸಿಮೀಟರಿಗೂ ಇದೇ ತೊಂದರೆ ಇದೆ ಎಂಬುದು 2020ರಲ್ಲಿ ಎಲ್ಲರ ಗಮನಕ್ಕೆ ಬಂತು: ಅಮೆರಿಕದ ಆಸ್ಪತ್ರೆಗಳ ದಾಖಲೆಗಳಲ್ಲಿ, ಆಮ್ಲಜನಕದ ಕೊರತೆ ಈ ಸಾಧನದ ಕಣ್ಣಿಗೆ ಬೀಳದೆ ಹೋದದ್ದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು. ಕಪ್ಪು, ದಟ್ಟ ಕೂದಲಿನ ತಲೆಯಿಂದ ಸಂಕೇತ ಸಿಗದಿದ್ದರೆ ಆ ವ್ಯಕ್ತಿಯನ್ನು ಲೆಕ್ಕದಿಂದ ಕೈಬಿಡುವುದು ಸುಲಭ. ಹಾಗೆ ಕೈಬಿಡುತ್ತ ಹೋದರೆ ಕೊನೆಗೆ ಉಳಿಯುವುದು ಯಾರ ಮೆದುಳಿನ ವಿಜ್ಞಾನ?

ಈ ಎಲ್ಲ ತೊಡಕುಗಳೂ ತಗ್ಗುವ ತಲೆ ಎಂದರೆ ಕೂಸಿನದು. ಕೂದಲು ತೆಳು, ಮೂಳೆ ತೆಳು, ಚರ್ಮದಿಂದ ಮೆದುಳಿಗೆ ಕೆಲವೇ ಮಿಲಿಮೀಟರ್. ಎಂಆರ್‌ಐ ಕೊಳವೆಯ ಗದ್ದಲದಲ್ಲಿ ಎಚ್ಚರವಾಗಿರುವ ಕೂಸು ಅಲುಗದೆ ಮಲಗಿರಲು ಸಾಧ್ಯವೇ ಇಲ್ಲ. ಟೊಪ್ಪಿ ತೊಟ್ಟು ಅಮ್ಮನ ತೊಡೆಯ ಮೇಲೆ ಕೂರುತ್ತದೆ. ಯಂತ್ರವನ್ನು ಪೆಟ್ಟಿಗೆಯಲ್ಲಿ ತುಂಬಿ ಹಳ್ಳಿಗೆ ಒಯ್ಯಬಹುದು. ಆಫ್ರಿಕಾದ ಗ್ಯಾಂಬಿಯಾದ ಹಳ್ಳಿಗಾಡಿನಲ್ಲಿ ಹೀಗೆ ಕೂಸುಗಳ ಕೆಲಸದ ನೆನಪನ್ನು ಅಳೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು.

2019ರಲ್ಲಿ ಉತ್ತರ ಪ್ರದೇಶದ ಶಿವಗಢದಿಂದ ವರದಿ ಬಂತು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಜಾನ್ ಸ್ಪೆನ್ಸರ್, ಸೋಬನಾ ವಿಜೇಕುಮಾರ್ ಮತ್ತು ಲಖನೌದ ಕಮ್ಯೂನಿಟಿ ಎಂಪವರ್‌ಮೆಂಟ್ ಲ್ಯಾಬ್‌ನವರು ಕೂಡಿ ಅಲ್ಲಿ 4 ತಿಂಗಳಿಂದ 4 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಿದರು. ಮಾತೇ ಬಾರದ ಮಗುವಿಗೆ ಎನ್-ಬ್ಯಾಕ್ ಹೇಳಿಕೊಡುವುದು ಸಾಧ್ಯವಿಲ್ಲ. ಅದಕ್ಕೆ ಬೇರೆ ಉಪಾಯ. ಎಡಬಲ ಎರಡು ಪರದೆ, ಎರಡರಲ್ಲೂ ಬಣ್ಣದ ಚೌಕಗಳು. ಅರ್ಧ ಸೆಕೆಂಡು ಕಾಣುತ್ತವೆ, ಕಾಲು ಸೆಕೆಂಡು ಮರೆಯಾಗುತ್ತವೆ, ಮತ್ತೆ ಕಾಣುತ್ತವೆ. ಒಂದು ಪರದೆಯಲ್ಲಿ ಎಲ್ಲವೂ ಹಾಗೇ ಇರುತ್ತದೆ, ಇನ್ನೊಂದರಲ್ಲಿ ಪ್ರತಿ ಸಲವೂ ಒಂದು ಚೌಕದ ಬಣ್ಣ ಬದಲಾಗಿರುತ್ತದೆ. ಆ ಕಾಲು ಸೆಕೆಂಡಿನ ಖಾಲಿಯಲ್ಲಿ ಬಣ್ಣಗಳನ್ನು ಹಿಡಿದಿಟ್ಟುಕೊಳ್ಳಬಲ್ಲ ಮಗುವಿಗೆ ಬದಲಾಗುವ ಪರದೆಯೇ ಕುತೂಹಲ, ಕಣ್ಣು ಅತ್ತಲೇ ಹೋಗುತ್ತದೆ. ಹಿಡಿದಿಡಲಾಗದ ಮಗುವಿಗೆ ಎರಡೂ ಒಂದೇ. ಜೇಕಬ್ಸನ್ನರ ಕೋತಿಗೆ ತೆರೆ ಎಳೆದಂತೆಯೇ ಇದು, ತೆರೆ ಮಾತ್ರ ಕಾಲು ಸೆಕೆಂಡಿನದು.

ಫಲಿತಾಂಶ ಓದುವಾಗ ಮನಸ್ಸು ಭಾರವಾಗುತ್ತದೆ. ಆದಾಯ ಕಡಿಮೆ ಇರುವ, ತಾಯಿಗೆ ಓದು ಅಷ್ಟಾಗಿ ದಕ್ಕದ ಮನೆಗಳ ಮಕ್ಕಳಲ್ಲಿ ಮೆದುಳಿನ ಚಟುವಟಿಕೆ ಕ್ಷೀಣವಾಗಿತ್ತು. ಬೇಡದ್ದನ್ನು ಬದಿಗೊತ್ತಿ ಬೇಕಾದದ್ದನ್ನು ಹಿಡಿದಿಡುವ ಕೆಲಸ ಎಡ ಮುಂಭಾಗದಲ್ಲಿ ಸೊರಗಿತ್ತು. ಬಡತನ ಶಾಲೆಯ ಬಾಗಿಲಲ್ಲಿ ಮಗುವಿಗಾಗಿ ಕಾಯುತ್ತ ನಿಂತಿರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಅದಕ್ಕೆ ಎಷ್ಟೋ ಮೊದಲೇ ಅದು ಹಣೆಯ ಹಿಂದೆ ಬಂದು ಕೂತಿರುತ್ತದೆ. ಹಾಗಿದ್ದಾಗ ಆರನೇ ವರ್ಷದಲ್ಲಿ ಕೊಡುವ ನೆರವಿಗಿಂತ ಮೊದಲ ವರ್ಷದಲ್ಲಿ ತಾಯಿಗೆ, ಮನೆಗೆ ಕೊಡುವ ನೆರವು ದೊಡ್ಡದು. ಆ ನೆರವು ನಾಟಿತೇ ಎಂದು ಮಗು ಮಾತು ಕಲಿಯುವ ಮೊದಲೇ ನೋಡಲು ಈ ಟೊಪ್ಪಿ ಒಂದು ದಾರಿ.

ಆದರೆ ಇದು ಗುಂಪಿನ ಸರಾಸರಿ ಹೇಳುವ ಮಾತು. ಒಂದೊಂದು ಮಗುವಿನ ತಲೆಬುರುಡೆಯ ದಪ್ಪ ಬೇರೆ, ಬೆಳಕು ನಡೆಯುವ ದಾರಿಯ ಉದ್ದ ಬೇರೆ, ಕೂದಲು ಬೇರೆ, ಟೊಪ್ಪಿ ಕೂತ ಜಾಗ ಒಂದರ್ಧ ಸೆಂಟಿಮೀಟರ್ ಅತ್ತಿತ್ತ. ಎಫ್‌ನಿರ್ಸ್ ಕೊಡುವುದು ವಿಶ್ರಾಂತಿಗೆ ಹೋಲಿಸಿದ ಬದಲಾವಣೆಯನ್ನೇ ಹೊರತು ಮೆದುಳಿನ ಅಂಕಪಟ್ಟಿಯನ್ನಲ್ಲ. ಒಂದು ಮಗುವಿನ ಗೆರೆ ಪಕ್ಕದ ಮಗುವಿನದಕ್ಕಿಂತ ತಗ್ಗಿದ್ದರೆ ಅದರಿಂದ ಆ ಮಗು ದಡ್ಡ ಎಂದೂ, ಎತ್ತರವಿದ್ದರೆ ಚುರುಕು ಎಂದೂ ಹೇಳಲು ಬರುವುದಿಲ್ಲ. ಹಣೆಗೊಂದು ಪಟ್ಟಿ ಕಟ್ಟಿ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುತ್ತೇವೆ ಎನ್ನುವವರು ಬಂದರೆ, ಚರ್ಮದ ರಕ್ತವನ್ನು ಹೇಗೆ ಕಳೆದಿರಿ, ಕೂದಲಿರುವ ಜಾಗದಲ್ಲಿ ಅಳೆದಿರಾ ಎಂದು ತಂದೆತಾಯಿಗಳು ಧಾರಾಳವಾಗಿ ಕೇಳಬಹುದು. ಅವಕ್ಕೆ ಉತ್ತರ ಕೊಟ್ಟವರನ್ನೂ, ಒಂದೇ ಮಗುವನ್ನು ಬೇರೆಬೇರೆ ದಿನ ಅಳೆದರೆ ಅದೇ ಗೆರೆ ಬರುತ್ತದೆಯೇ ಎಂದು ಕೇಳದೆ ಬಿಡಬಾರದು.